ಲಾರಿಗಿಂತ ಮೊದಲು ಲೋಡು ನೋಡು

ತಮ್ಮಾ,

ಇಪ್ಪತ್ತೆರಡು ಗಾಲಿಯ ಹಳೆ ಟ್ರೇಲರ್ ಅಗ್ಗಕ್ಕೆ ಬಂದಿದೆ, ಮುಂಗಡ ಕೊಡಲು ಹೊರಟಿದ್ದೀ ಎಂದು ಕೇಳಿದೆ. ಗದಗ-ಬೆಟಗೇರಿ, ಶಿರಹಟ್ಟಿ, ಮುಂಡರಗಿ ಕಡೆ ನಿನ್ನಂಥ ಹುಡುಗರು ಇನ್ನೂ ಇದ್ದಾರೆ. ಅವರಿಗೂ ಮುಟ್ಟಲಿ ಎಂದು ನಾಲ್ಕು ಮಾತು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನೀವೆಲ್ಲ ಸಾರಿಗೆ ಉದ್ಯಮಿ ವಿಜಯ ಸಂಕೇಶ್ವರರ ಕಥೆ ಹೇಳುತ್ತೀರಿ. ಗದಗಿನ ಆ ಮನುಷ್ಯ 1976ರಲ್ಲಿ ಒಂದೇ ಲಾರಿಯಿಂದ ಶುರು ಮಾಡಿದರು ಎಂಬುದು ಎಲ್ಲರಿಗೂ ಬಾಯಿಪಾಠ. ಆದರೆ ಅವರ ವ್ಯವಹಾರ ಬೆಳೆದದ್ದು ಹುಬ್ಬಳ್ಳಿಯಲ್ಲಿ ನೆಲೆ ಮಾಡಿದ ಮೇಲೆ, ಸರಕು ಸಿಗುವ ಪೇಟೆಯ ನಡುವೆ. ಅದನ್ನು ಯಾರೂ ಹೇಳುವುದಿಲ್ಲ.

ನಮ್ಮ ಸರಕು ಯಾವುದು? ಹೆಸರಿನ ಸುಗ್ಗಿಯಿಂದ ಹಿಡಿದು ಉಳ್ಳಾಗಡ್ಡಿ, ಶೇಂಗಾ, ಹತ್ತಿ, ಮೆಣಸಿನಕಾಯಿ, ಕಡಲೆಯವರೆಗೆ ಗದಗ ಎಪಿಎಂಸಿಯಲ್ಲಿ ಬಾಡಿಗೆ ಉಂಟು. ಬೇಸಿಗೆಯಲ್ಲಿ ಗಾಡಿ ನಿಲ್ಲುತ್ತದೆ, ಕಂತು ನಿಲ್ಲುವುದಿಲ್ಲ. ಟ್ರೇಲರ್ ಹೊಲದ ಎರೆ ಹಾದಿಗೆ ಇಳಿಯದು, ಲಕ್ಷ್ಮೇಶ್ವರದ ಸಣ್ಣ ಅಡತಿಯವರು ಅದನ್ನು ತುಂಬಿಸಲಾರರು. ಅದಕ್ಕೆ ಲೋಡು ಬೇಕೆಂದರೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕಡೆ ಹೋಗಿ, ದೊಡ್ಡ ಟ್ರಾನ್ಸ್‌ಪೋರ್ಟಿನವರ ಪಾಳಿಯಲ್ಲಿ ನಿಲ್ಲಬೇಕು. ಮೊದಲ ಗಾಡಿ ನಿನಗೆ ಆರು ಗಾಲಿಯದೋ ಹತ್ತು ಗಾಲಿಯದೋ ಸಾಕು.

ಇನ್ನು, ಗಾಡಿ ಈವರೆಗೆ ಯಾವ ಕೆಲಸ ಮಾಡಿದೆ ಎಂದು ವಿಚಾರಿಸು. ತುಂಗಭದ್ರೆಯ ಹಸಿ ಉಸುಕು ಹೊತ್ತ ಲಾರಿಗೆ ಬಣ್ಣ ಬಳಿದು ಕಾಳು ಹೊತ್ತ ಲಾರಿಯಂತೆ ನಿಲ್ಲಿಸಿರುತ್ತಾರೆ. ಬಾಡಿಯ ಕೆಳಗೆ ನುಗ್ಗಿ ನೋಡು: ಅಡ್ಡಪಟ್ಟಿ ತುಕ್ಕು ತಿಂದಿದೆಯೇ, ಹಿಂದಿನ ಪಾಟಾ ಕೂಡುವಲ್ಲಿ ಚಾಸಿಗೆ ವೆಲ್ಡಿಂಗ್ ಬಿದ್ದಿದೆಯೇ? ಚಾಸಿ ನಂಬರನ್ನು ಕಾಗದದ ಮೇಲೆ ಪೆನ್ಸಿಲಿನಿಂದ ತೀಡಿ ಆರ್‌ಸಿಗೆ ತಾಳೆ ನೋಡು. ಮುಂದಿನ ಟೈರು ಒಂದೇ ಮಗ್ಗುಲಿಗೆ ಸವೆದಿದ್ದರೆ ಎಕ್ಸೆಲ್ ಕಡೆ ಸಂಶಯಪಡು. ಎಂಜಿನ್ ತಣ್ಣಗಿರುವಾಗ ಮುಂಜಾನೆ ಹೋಗು. ಮೊದಲೇ ಬಿಸಿ ಮಾಡಿಟ್ಟಿದ್ದರೆ ಮರುದಿನ ಬರುತ್ತೇನೆ ಎನ್ನು. ಚಾಲೂ ಆದ ಮೇಲೆ ಎಣ್ಣೆ ಮುಚ್ಚಳ ತೆಗೆದರೆ ಹೊಗೆ ರಭಸದಿಂದ ಉಗುಳುತ್ತಿದೆಯೋ ನೋಡು. ಉಗುಳಿದರೆ ಪಿಸ್ಟನ್, ರಿಂಗು ಸವೆದಿವೆ ಎಂದು ತಿಳಿ. ಸಾಧ್ಯವಾದರೆ ಲೋಡು ಹಾಕಿಯೇ ಕಪ್ಪತಗುಡ್ಡದ ಕಡೆಯ ಏರಿಗೆ ಓಡಿಸು. ಖಾಲಿ ಗಾಡಿಯಲ್ಲಿ ಗೇರು, ಕ್ಲಚ್ಚು, ಬ್ರೇಕು ತಮ್ಮ ದೋಷ ತೋರಿಸುವುದಿಲ್ಲ. 2020ರ ಏಪ್ರಿಲ್ ನಂತರದ ಬಿಎಸ್-6 ಗಾಡಿಯಾದರೆ ಯೂರಿಯಾ ದ್ರಾವಣದ ವ್ಯವಸ್ಥೆ, ಸೆನ್ಸರುಗಳನ್ನು ಬಲ್ಲ ಮೇಸ್ತ್ರಿ ಹತ್ತಿರದಲ್ಲಿ ಇದ್ದಾನೆಯೇ ಎಂದೂ ಕೇಳಿಕೋ.

ಕಾಗದದಲ್ಲಿ ಮೋಸ ಹೋದವರು ಎಂಜಿನ್ನಿನಲ್ಲಿ ಹೋದವರಿಗಿಂತ ಕಡಿಮೆ ಇಲ್ಲ. ಗಾಡಿಗೆ ಎಂಟು ವರ್ಷ ಆಗುವವರೆಗೆ ಎಫ್‌ಸಿ (ಫಿಟ್‌ನೆಸ್ ಪತ್ರ) ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಾ ವರ್ಷಾ. ಆರು ಗಾಲಿಯದಕ್ಕೆ 12, ಹತ್ತು ಗಾಲಿ ಮೇಲ್ಪಟ್ಟದ್ದಕ್ಕೆ 15 ವರ್ಷ ದಾಟಿದರೆ ನ್ಯಾಷನಲ್ ಪರ್ಮಿಟ್ ಇಲ್ಲ. ಆ ವಯಸ್ಸಿನ ಹತ್ತಿರದ ಗಾಡಿ ಅಗ್ಗವಾಗಿರುವುದು ಅದಕ್ಕೇ. 2018ರ ಜುಲೈಯಲ್ಲಿ ಹತ್ತು ಗಾಲಿಯ ಒಟ್ಟು ತೂಕದ ಮಿತಿ 25ರಿಂದ 28.5 ಟನ್ನಿಗೆ, ಆರು ಗಾಲಿಯದು 16.2ರಿಂದ 18.5ಕ್ಕೆ ಏರಿತು. ಆದರೂ ಮಾರುವವನ ಮಾತು ನಂಬಬೇಡ, ಆರ್‌ಸಿಯಲ್ಲಿ ಬರೆದ ತೂಕ ನೋಡಿ ಬಾಡಿಗೆಯ ಲೆಕ್ಕ ಹಾಕು. ಸಾಲದ ಗಾಡಿಯಾಗಿದ್ದರೆ ಫೈನಾನ್ಸಿನ ಎನ್‌ಒಸಿ, ಫಾರಂ 35 ಕೈಗೆ ಬರುವವರೆಗೆ ಪೂರ್ತಿ ರೊಕ್ಕ ಕೊಡಬೇಡ. ಬೇರೆ ಆರ್‌ಟಿಒ ಗಾಡಿಯಾದರೆ ಫಾರಂ 28 ಬೇಕು. ತೆರಿಗೆ, ಚಲನ್ ಬಾಕಿಯನ್ನು ವಾಹನ್ ಜಾಲತಾಣದಲ್ಲಿ ನೀನೇ ನೋಡು. ಮಾಲೀಕನ ಹೆಸರು ಬದಲಿಸುವ ಫಾರಂ 29, 30 ಸಹಿಯಾದ ಮೇಲೆ ವಿಮೆಯನ್ನು 14 ದಿನದೊಳಗೆ ನಿನ್ನ ಹೆಸರಿಗೆ ಮಾಡಿಸಿಕೋ. ಪರ್ಮಿಟ್ ತಾನಾಗಿ ಬರುವುದಿಲ್ಲ, ಅದಕ್ಕೆ ಬೇರೆ ಅರ್ಜಿ.

ಕೊನೆಗೆ ರೊಕ್ಕದ ಮಾತು. ಇರುವುದನ್ನೆಲ್ಲ ಗಾಡಿಗೇ ಸುರಿದರೆ ಮೊದಲ ಟೈರು ಒಡೆದ ದಿನವೇ ಬಡ್ಡಿ ಸಾಲ ಹುಡುಕಬೇಕಾಗುತ್ತದೆ. ಟೈರು, ರಿಪೇರಿ, ಒಂದು ಬೇಸಿಗೆಯ ಕಂತು, ಇಷ್ಟನ್ನು ತೆಗೆದಿಟ್ಟ ಮೇಲೆ ಉಳಿದದ್ದೇ ನಿನ್ನ ಗಾಡಿಯ ಬೆಲೆ. ಅದರೊಳಗೆ ಬರದ ಲಾರಿ ಎಷ್ಟೇ ಅಗ್ಗವಿರಲಿ, ನಿನಗೆ ತುಟ್ಟಿಯೇ. ಗಾಡಿ ನೋಡಲು ಹೋಗುವಾಗ ಮುಂಗಡ ಮನೆಯಲ್ಲಿಡು, ಮೇಸ್ತ್ರಿಯನ್ನು ಕರೆದುಕೊಂಡು ಹೋಗು. ಅವನ ಕೂಲಿ ಕೊಡಲು ಜಿಪುಣತನ ಮಾಡಬೇಡ.

ಇಂತಿ,
ನಿನ್ನ ಹಿತ ಬಯಸುವ
ಲಕ್ಷ್ಮೇಶ್ವರದ ಕಾಕಾ