ಎಚ್ಚರಿಕೆಯ ಚೌಕಟ್ಟು: ಅಚ್ಚು ಒಂದು, ಒಕ್ಕಣೆ ಹಲವು



ಹಬ್ಬಕ್ಕೆ ಊರಿಗೆ ಹೊರಟಿದ್ದ ನಮ್ಮ ಖಾತೆಯ ಮಿತ್ರರೊಬ್ಬರು ಮೊಬೈಲಿನಲ್ಲಿ ಬಸ್ಸಿನ ಟಿಕೆಟು ನೋಡುತ್ತಿದ್ದರು. ಬೆರಳು ತಪ್ಪಿ ಒಂದು ಚೌಕಟ್ಟು ಎದ್ದಿತು: ‘ಟಿಕೆಟು ರದ್ದು ಮಾಡುವುದೇ?’ ಕೆಳಗೆ ಎರಡು ಗುಂಡಿ: ‘ರದ್ದು’, ‘ಸರಿ’. ರದ್ದು ಬೇಡವೆಂದು ಅವರು ‘ಸರಿ’ ಒತ್ತಿದರು. ಟಿಕೆಟು ಹೋಯಿತು! ತಪ್ಪು ಒತ್ತಿದವರದಲ್ಲ, ಬರೆದವರದು. ನಮ್ಮ ಭಾನುವಾರದ ಪಾಠಕ್ಕೆ ಬಂದು ಆಂಡ್ರಾಯ್ಡ್ ಆಪ್ ಬರೆಯಲು ಕಲಿಯುತ್ತಿರುವವರಿಗಾಗಿ ಈ ನಾಲ್ಕು ಮಾತು.

ಈ ಚೌಕಟ್ಟಿಗೆ ‘ಅಲರ್ಟ್ ಡೈಲಾಗ್’ ಎಂದು ಹೆಸರು. ಮೇಲೆ ಶೀರ್ಷಿಕೆ, ನಡುವೆ ಒಕ್ಕಣೆ, ಕೆಳಗೆ ಹೆಚ್ಚೆಂದರೆ ಮೂರು ಗುಂಡಿ. ಹೊಸಬರು ಇದನ್ನು ಪುಟಪುಟಕ್ಕೂ ಬೇರೆಯಾಗಿ ಬರೆಯುವುದುಂಟು. ಹತ್ತು ಕಡೆ ಬರೆದದ್ದನ್ನು ತಿದ್ದಹೊರಟರೆ ಎರಡು ಕಡೆ ಮರೆತೇ ಮರೆಯುತ್ತೇವೆ. ಗಿರಣಿಯಲ್ಲಿ ರಜೆ ಅರ್ಜಿಯ ಫಾರಂ ಎಲ್ಲರಿಗೂ ಒಂದೇ. ಹೆಸರು, ದಿನ, ಕಾರಣದ ಜಾಗ ಮಾತ್ರ ಖಾಲಿ. ಚೌಕಟ್ಟೂ ಹಾಗೆಯೇ ಇರತಕ್ಕದ್ದು. ಶೀರ್ಷಿಕೆ, ಒಕ್ಕಣೆ, ಗುಂಡಿಯ ಹೆಸರುಗಳನ್ನು ಕರೆಯುವ ಪುಟವೇ ಕೊಡಲಿ. ಯಾವ ಗುಂಡಿ ಒತ್ತಿದರೆಂದು ತಿಳಿಸುವುದಷ್ಟೇ ಚೌಕಟ್ಟಿನ ಕೆಲಸ. ಟಿಕೆಟಿನ ಗೊಡವೆ ಅದಕ್ಕೆ ಬೇಡ.

ಇಲ್ಲಿ ನಾವೇ ಒಮ್ಮೆ ಎಡವಿದೆವು. ಫೋನನ್ನು ಅಡ್ಡ ತಿರುಗಿಸಿದರೆ ಪುಟ ಹೊಸದಾಗಿ ಕಟ್ಟಲ್ಪಡುತ್ತದೆ, ಬರಿಯ ಚೌಕಟ್ಟು ಮಾಯವಾಗುತ್ತದೆ. ಆದುದರಿಂದ ಅದನ್ನು ‘ಡೈಲಾಗ್ ಫ್ರಾಗ್‌ಮೆಂಟ್’ ಒಳಗೆ ಇಟ್ಟೆವು. ತಿರುಗಿಸಿದಾಗ ಚೌಕಟ್ಟೇನೋ ಉಳಿಯಿತು, ಗುಂಡಿ ಒತ್ತಿದರೆ ಏನೂ ಆಗಲಿಲ್ಲ. ಎರಡು ಸಂಜೆ ತಲೆ ಕೆರೆದುಕೊಂಡ ಮೇಲೆ ಕಾರಣ ಹೊಳೆಯಿತು. ಉತ್ತರ ಬಂದಾಗ ಮಾಡಬೇಕಾದ ಕೆಲಸವನ್ನು ನಾವು ಚೌಕಟ್ಟಿನ ಕೈಗೇ ಕೊಟ್ಟಿದ್ದೆವು. ಹೊಸದಾಗಿ ಕಟ್ಟುವಾಗ ಆಂಡ್ರಾಯ್ಡ್ ‘ಆರ್ಗ್ಯುಮೆಂಟ್ಸ್’ ಎಂಬ ಗಂಟನ್ನು ಮರಳಿಸುತ್ತದೆಯೇ ಹೊರತು ಹಾಗೆ ಕೊಟ್ಟದ್ದನ್ನಲ್ಲ. ಒಕ್ಕಣೆಯನ್ನು ಆ ಗಂಟಿನಲ್ಲಿ ಕಟ್ಟಿ, ಉತ್ತರವನ್ನು ‘ಫ್ರಾಗ್‌ಮೆಂಟ್ ರಿಸಲ್ಟ್’ ಮೂಲಕ ಗೊತ್ತುಮಾಡಿದ ಹೆಸರಿಗೆ ಕಳಿಸಿದರೆ ತೊಂದರೆಯಿಲ್ಲ.

ಚೌಕಟ್ಟಿನ ಹೊರಗೆ ಮುಟ್ಟಿದರೂ, ಹಿಂದಕ್ಕೆ ಒತ್ತಿದರೂ ಅದು ಮುಚ್ಚುತ್ತದೆ. ಅದನ್ನು ಎಂದಿಗೂ ಒಪ್ಪಿಗೆಯೆಂದು ಎಣಿಸಕೂಡದು.

ಇನ್ನು ಗುಂಡಿಯ ಹೆಸರು. ‘ಸರಿ’ ಎಂಬುದನ್ನು ಅಚ್ಚಿನಲ್ಲೇ ಹಾಕಿಟ್ಟರೆ ಎಲ್ಲರೂ ಅದನ್ನೇ ಬಿಡುತ್ತಾರೆ (ಗುಮಾಸ್ತರ ಸ್ವಭಾವ ನಮಗೆ ಗೊತ್ತಿಲ್ಲವೇ!). ಹೆಸರು ಕೊಡದಿದ್ದರೆ ಚೌಕಟ್ಟು ಏಳಲೇಬಾರದು ಎಂದು ಕಟ್ಟಿ. ‘ಟಿಕೆಟು ರದ್ದು ಮಾಡು’, ‘ಟಿಕೆಟು ಇರಲಿ’ ಎಂದಿದ್ದರೆ ನಮ್ಮ ಮಿತ್ರರು ಊರಿಗೆ ಹೋಗಿರುತ್ತಿದ್ದರು. ಈ ಮಾತುಗಳನ್ನು ‘ವ್ಯಾಲ್ಯೂಸ್-ಕೆಎನ್’ ಫೋಲ್ಡರಿನಲ್ಲಿಟ್ಟರೆ ಕನ್ನಡ ಆರಿಸಿದ ಫೋನಿನಲ್ಲಿ ತಾವಾಗಿ ಕನ್ನಡದಲ್ಲೇ ಬರುತ್ತವೆ. ಅವು ‘ಓಕೆ’ಗಿಂತ ಉದ್ದ, ಗುಂಡಿಯ ಅಗಲವನ್ನು ಅಳೆದು ಕಟ್ಟಬೇಡಿ.