ಹೊಲದ ಸೊಪ್ಪು, ಹಿತ್ತಲ ಮದ್ದು

ಮುಂಗಾರು ಮಳೆ ಬಿತ್ತು. ಹೊಲದ ಬದುವಿನಲ್ಲಿ ಸೊಪ್ಪು ಚಿಗುರಿತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ನಾವು ಮಡಿಲು ಕಟ್ಟಿಕೊಂಡು ಹೊರಡುತ್ತೇವೆ. ಅಣ್ಣೆ, ಹೊನಗೊನೆ, ಕೀರೆ, ಗಣಿಕೆ ಎಲ್ಲ ಸೇರಿಸಿ ಕುಯ್ಯುತ್ತೇವೆ. ಇದೇ ಬೆರಕೆ ಸೊಪ್ಪು. ಬೇಳೆ ಹಾಕಿ ಬೇಯಿಸಿ ಮಸೆದರೆ ಮಸ್ಸೊಪ್ಪು. ಮುದ್ದೆಗೆ ಇನ್ನೇನು ಬೇಕು?

ಬಡವರ ಊಟ ಅಂತ ಕೆಲವರು ಮೂಗು ಮುರೀತಾರೆ. ಮುರಿಯಲಿ ಬಿಡಿ. ಸೊಪ್ಪಿನಲ್ಲಿ ಕಬ್ಬಿಣದ ಅಂಶ ಇದೆ. ಮೈಯಲ್ಲಿ ರಕ್ತ ಆಗಲು ಅದು ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಇದೆ. ಅದು ಮೂಳೆಗೆ ಬಲ. ಅಷ್ಟೇ ಅಕ್ಕಿಯಲ್ಲಿ ಇರುವುದು ಸುಮಾರು 10 ಮಿಲಿಗ್ರಾಂ. ಸಾರಿಗೆ ನಿಂಬೆಹಣ್ಣು ಹಿಂಡಿಕೊಂಡರೆ ಸೊಪ್ಪಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಉಂಡ ಕೂಡಲೇ ಟೀ ಕುಡಿದರೆ ಹತ್ತುವುದು ಕಡಿಮೆ. ಬಸುರಿಯರಿಗೆ ಸೊಪ್ಪೊಂದೇ ಸಾಲದು. ಆರೋಗ್ಯ ಕೇಂದ್ರದಲ್ಲಿ ಕೊಡುವ ಕಬ್ಬಿಣದ ಮಾತ್ರೆಯನ್ನೂ ನುಂಗಬೇಕು.

ಒಂದು ಮಾತು. ರೇಷ್ಮೆ ಹುಳ ಸಾಯುತ್ತದೆ ಅಂತ ಹಿಪ್ಪುನೇರಳೆ ಸೊಪ್ಪಿಗೆ ಔಷಧಿ ಹೊಡೆಯಲು ನಾವು ಹೆದರುತ್ತೇವೆ. ನಮ್ಮ ಮಕ್ಕಳು ತಿನ್ನುವ ಸೊಪ್ಪಿಗೂ ಆ ಹೆದರಿಕೆ ಬೇಕಲ್ಲವೇ? ಔಷಧಿ ಹೊಡೆದ ಟೊಮೆಟೊ ತೋಟದ ಸೊಪ್ಪನ್ನು ಕುಯ್ಯಬಾರದು.

ಹೊಟ್ಟೆ ಉಬ್ಬರಿಸಿದರೆ ಓಮ, ಉಪ್ಪು ಅಗಿಯುತ್ತೇವೆ. ದೊಡ್ಡಪತ್ರೆ ಚಟ್ನಿ ಮಾಡುತ್ತೇವೆ. ಮಂಗರವಳ್ಳಿ ಚಟ್ನಿಯೂ ಉಂಟು. ಅದರ ಎಳೆ ಕುಡಿಯನ್ನು ಎಣ್ಣೆಯಲ್ಲಿ ಹುರಿದು, ಹುಣಸೆಹಣ್ಣು ಹಾಕಿ ಅರೆಯಬೇಕು. ಇಲ್ಲದಿದ್ದರೆ ಬಾಯಿ ಕಡಿಯುತ್ತದೆ. ಬಾಯಿ ರುಚಿ ಕೆಟ್ಟವರಿಗೆ ಮಾಕಳಿ ಬೇರಿನ ಉಪ್ಪಿನಕಾಯಿ. ಮಾಗಡಿಯ ಸಾವನದುರ್ಗದಂಥ ಕಲ್ಲುಗುಡ್ಡದ ಕಾಡಿನಲ್ಲಿ ಬೆಳೆಯುವ ಬಳ್ಳಿ ಅದು. ಬುಡಸಮೇತ ಕಿತ್ತು ಕಿತ್ತು ಈಗ ಅಪರೂಪವಾಗಿದೆ.

ಮಕ್ಕಳ ಭೇದಿಯ ವಿಷಯ ಮಾತ್ರ ಬೇರೆ. ದಾಳಿಂಬೆ ಸಿಪ್ಪೆಯ ಕಷಾಯ ಕೊಡುವುದು ನಮ್ಮ ರೂಢಿ. ಎಳೆಗೂಸಿಗೆ ಬಜೆ ತೇಯ್ದು ನೆಕ್ಕಿಸುವವರೂ ಇದ್ದಾರೆ. ಬಜೆಯಿಂದ ಮಗುವಿಗೆ ವಾಂತಿ ಹೆಚ್ಚಾಗಬಹುದು, ಕೊಡಬಾರದು. ಇನ್ನು ಕೆಲವರು ನೀರನ್ನೇ ನಿಲ್ಲಿಸುತ್ತಾರೆ. ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆ ಅಂತ ಅವರ ಎಣಿಕೆ. ಇದು ದೊಡ್ಡ ತಪ್ಪು. ಭೇದಿಯಲ್ಲಿ ಮಗು ಸಾಯುವುದು ಹೆಚ್ಚಾಗಿ ಮೈಯ ನೀರು, ಉಪ್ಪು ಹೋಗಿಬಿಡುವುದರಿಂದ. ಹೋದ ನೀರನ್ನು ಯಾವ ಬೇರೂ ತುಂಬಿಕೊಡುವುದಿಲ್ಲ.

ಅಂಗನವಾಡಿಯಲ್ಲೋ ಆಶಾ ಕಾರ್ಯಕರ್ತೆಯ ಹತ್ತಿರವೋ ಓಆರ್‌ಎಸ್ ಪೊಟ್ಟಣ ಕೇಳಿ. ಅದು ಸಿಗುವ ತನಕ ಮನೆಯಲ್ಲೇ ಮಾಡಬಹುದು. ಕಾಯಿಸಿ ಆರಿಸಿದ 1 ಲೀಟರ್ ನೀರು. ಸಣ್ಣ ಚಮಚದಲ್ಲಿ ಮಟ್ಟಸವಾಗಿ 6 ಚಮಚ ಸಕ್ಕರೆ. ಅರ್ಧ ಚಮಚ ಉಪ್ಪು. ಉಪ್ಪು ಜಾಸ್ತಿಯಾದರೆ ಅಪಾಯ, ಅಳತೆ ತಪ್ಪಬೇಡಿ. ಗುಟುಕು ಗುಟುಕಾಗಿ ಕುಡಿಸಿ. ಎದೆಹಾಲು ನಿಲ್ಲಿಸಬೇಡಿ. ಆರೋಗ್ಯ ಕೇಂದ್ರದಲ್ಲಿ ಜಿಂಕ್ ಮಾತ್ರೆ ಕೊಡುತ್ತಾರೆ. ಭೇದಿ ನಿಂತರೂ 14 ದಿನ ಪೂರ್ತಿ ಕೊಡಬೇಕು.

ಮಗುವಿನ ಕಣ್ಣು ಗುಳಿ ಬಿದ್ದಿದೆಯೇ? ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನಿಧಾನವಾಗಿ ಇಳಿಯುತ್ತದೆಯೇ? ಮಲದಲ್ಲಿ ರಕ್ತ ಇದೆಯೇ? ಮಗು ಮಂಕಾಗಿ ಮಲಗಿದೆಯೇ, ಕುಡಿಯುತ್ತಿಲ್ಲವೇ? ಇದರಲ್ಲಿ ಒಂದು ಕಂಡರೂ ಕಷಾಯ ಕಾಯಿಸುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಕರೆಸಿ. ಆಸ್ಪತ್ರೆ ತಲುಪುವ ತನಕ, ಮಗು ನುಂಗುವ ಹಾಗಿದ್ದರೆ, ದಾರಿಯುದ್ದಕ್ಕೂ ಆ ನೀರನ್ನು ಚಮಚದಲ್ಲಿ ಕುಡಿಸುತ್ತಲೇ ಇರಿ.