ಬಣ್ಣದ ಬೆಳಕು

ಹೆಬ್ಬಾಳ, ಯಲಹಂಕಗಳ ಮಾರ್ಗವಾಗಿ ನಂದಿಬೆಟ್ಟಕ್ಕೆ ಹೊರಡುವ ಸೈಕಲ್ ಸವಾರರು ಬೆಳಕು ಹರಿಯುವ ಮುನ್ನವೇ ಬಳ್ಳಾರಿ ರಸ್ತೆಯಲ್ಲಿ ಕಾಣಸಿಗುತ್ತಾರೆ. ಕೆಲವರು ಮೈಮೇಲೆ ಬಣ್ಣದ ದೀಪಗಳನ್ನು ಧರಿಸುವುದುಂಟು. ಆದರೆ ರಸ್ತೆಯಲ್ಲಿ ಪ್ರತಿಯೊಂದು ಬಣ್ಣಕ್ಕೂ ಅರ್ಥವುಂಟು.

1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಮೋಟಾರು ವಾಹನಗಳು ಮುಂದಕ್ಕೆ ಕೆಂಪು ಬೆಳಕು ತೋರುವುದನ್ನು ಸಾಮಾನ್ಯವಾಗಿ ನಿಷೇಧಿಸುತ್ತವೆ. ಸೈಕಲ್ಲು ಮೋಟಾರು ವಾಹನವಲ್ಲದಿದ್ದರೂ ಈ ನಿಯಮದ ವಿವೇಕವು ಅದಕ್ಕೂ ಸಲ್ಲುತ್ತದೆ. ಕೆಂಪನ್ನು ಕಂಡ ಚಾಲಕನು ಅದು ವಾಹನದ ಹಿಂಭಾಗವೆಂದು ಬಗೆಯುತ್ತಾನೆ. ಎದುರು ಬರುವ ಸವಾರನ ಎದೆಯಲ್ಲಿ ಅದೇ ಬಣ್ಣ ಮಿನುಗಿದರೆ ಅವನ ಎಣಿಕೆ ತಪ್ಪುವುದು. ಅನಾಹುತಕ್ಕೆ ಕ್ಷಣಮಾತ್ರ ಸಾಕು.

ಆದುದರಿಂದ ಮುಂದೆ ಬಿಳಿ, ಹಿಂದೆ ಕೆಂಪು ಇರಬೇಕು. ಪೆಡಲಿನ ಹಳದಿ ಪ್ರತಿಫಲಕಗಳು ಮೇಲೆ ಕೆಳಗೆ ಆಡುತ್ತ, ಬರುತ್ತಿರುವುದು ಸೈಕಲ್ಲೆಂದು ದೂರದಿಂದಲೇ ಸಾರುತ್ತವೆ. ಕಾಣಿಸಿಕೊಂಡರೆ ಸಾಲದು, ಸರಿಯಾಗಿ ಅರ್ಥವಾಗಬೇಕು.